ಗಂಟೆಯ ನಾದಕ್ಕೆ ಬೆದರಿದ ಬಾಲಕ

ದೇವಾಲಯದ ಗಂಟೆ ಮೊಳಗಿತೆಂದರೆ ಅದು ಕರೆಯೆಂದೇ ನಮ್ಮ ಎಣಿಕೆ. ಬಲಿಪೂಜೆಗೆ, ಮದುವೆಗೆ, ಕಡೆಗೆ ಮರಣವಾರ್ತೆಗೂ ಗಂಟೆಯೇ ನಾಲಗೆ. ಆ ನಾದವನ್ನು ಕೇಳಿ ಮಗುವೊಂದು ನಡುಗಬಹುದೆಂಬುದು ನಮಗೆ ಹೊಳೆಯುವುದು ಅಪರೂಪ. ಅಂತಹ ಭಯವನ್ನೇ ಅಮೆರಿಕದ ಕಲಾವಿದ ಚಾರ್ಲ್ಸ್ ಬರ್ಚ್‌ಫೀಲ್ಡ್ 1917ರ ಡಿಸೆಂಬರಿನಲ್ಲಿ ಜಲವರ್ಣದಲ್ಲಿ ಚಿತ್ರಿಸಿದರು. 'ಮೊಳಗುವ ಚರ್ಚಿನ ಗಂಟೆಗಳು, ಮಳೆಯ ಚಳಿಗಾಲದ ರಾತ್ರಿ' ಎಂಬರ್ಥದ ಹೆಸರಿನ ಆ ಚಿತ್ರ ಈಗ ಕ್ಲೀವ್‌ಲ್ಯಾಂಡ್ ನಗರದ ಕಲಾ ಸಂಗ್ರಹಾಲಯದಲ್ಲಿದೆ.

ಬರ್ಚ್‌ಫೀಲ್ಡ್ ಜನಿಸಿದ್ದು 1893ರಲ್ಲಿ, ಒಹಾಯೊ ರಾಜ್ಯದ ಆಷ್ಟಬ್ಯೂಲದಲ್ಲಿ. 1898ರಲ್ಲಿ ತಂದೆ ತೀರಿಕೊಂಡರು. ತಾಯಿ ತನ್ನ ಆರು ಮಕ್ಕಳನ್ನು ಕರೆದುಕೊಂಡು ಅದೇ ರಾಜ್ಯದ ಸೇಲಂ ಎಂಬ ಪುಟ್ಟ ಊರಿಗೆ ಬಂದು ನೆಲೆಸಿದರು. ಐದರ ಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಆ ಊರಿನ ಬ್ಯಾಪ್ಟಿಸ್ಟ್ ದೇವಾಲಯದ ಗಂಟೆ ಚಳಿಗಾಲದ ಇರುಳುಗಳಲ್ಲಿ ಭೀತಿ ಹುಟ್ಟಿಸುತ್ತಿತ್ತು. ಕ್ಲೀವ್‌ಲ್ಯಾಂಡಿನ ಕಲಾಶಾಲೆಯಲ್ಲಿ 1912ರಿಂದ 1916ರವರೆಗೆ ವ್ಯಾಸಂಗ ಮಾಡಿ ಊರಿಗೆ ಮರಳಿದ ತರುಣನ ಕುಂಚದಲ್ಲಿ ಆ ಹಳೆಯ ಭೀತಿ ಮತ್ತೆ ಎದ್ದು ನಿಂತಿತು.

ಚಿತ್ರವನ್ನು ನೋಡಿರಿ. ನಡುವೆ ಕಪ್ಪನೆಯ ಗಂಟೆಗೋಪುರ. ಅದು ಕಲ್ಲು ಮರಗಳ ಕಟ್ಟಡವಾಗಿ ಉಳಿದಿಲ್ಲ. ಕಣ್ಣು ಕೊಕ್ಕುಗಳುಳ್ಳ ಯಾವುದೋ ದೈತ್ಯ ಪಕ್ಷಿಯಂತೆ ಊರಿನ ಮೇಲೆ ಬಾಗಿದೆ. ಸುತ್ತ ಮಳೆಯ ಗೆರೆಗಳು. ಗಂಟೆಯ ಮಂದ್ರ ನಾದ ಸುರುಳಿ ಸುರುಳಿಯಾಗಿ ಕತ್ತಲಲ್ಲಿ ಹರಡುತ್ತದೆ. ಗೋಪುರದ ಬುಡದ ಮನೆಗಳ ಕಿಟಕಿಗಳಲ್ಲಿ ಮಾತ್ರ ಬೆಳಕು, ಕ್ರಿಸ್ಮಸ್ ಹಬ್ಬದ ಕುರುಹು. ಮಗುವಿಗೆ ಅಭಯ ದೊರೆಯುವುದು ಅಲ್ಲಿ.

ಕಿವಿಗೆ ಕೇಳುವುದನ್ನು ಕಣ್ಣಿಗೆ ತೋರಿಸುವುದು ಹೇಗೆ? ಅದೇ 1917ರಲ್ಲಿ ಬರ್ಚ್‌ಫೀಲ್ಡ್ ಮನಸ್ಸಿನ ಸ್ಥಿತಿಗಳಿಗೆ ಒಂದೊಂದು ಆಕಾರ ಗೊತ್ತುಪಡಿಸಿ ರೇಖಾಚಿತ್ರಗಳ ಮಾಲೆಯೊಂದನ್ನು ರಚಿಸಿದ್ದರು. ಭಯ, ಕೇಡು, ವಿಷಾದ, ಬಾಲ್ಯದ ಹಂಬಲ ಇವುಗಳಿಗೆಲ್ಲ ಅಲ್ಲಿ ಚಿಹ್ನೆಗಳಿವೆ. ಈ ಚಿತ್ರದ ಸುರುಳಿಯೂ ಹಾಗೆ ಭಯದ ಚಿಹ್ನೆ. ಎಲೆ, ಕೀಟಗಳ ದನಿ, ಮನೆಯ ಮಾಡು ಎಲ್ಲವೂ ಅವರ ಚಿತ್ರಗಳಲ್ಲಿ ಮನಸ್ಸಿನ ಭಾಷೆಯಾದವು. ಆ ವರ್ಷವನ್ನು ಅವರು ತಮ್ಮ ಬಾಳಿನ ಸುವರ್ಣ ವರ್ಷವೆಂದೇ ನೆನೆಯುತ್ತಿದ್ದರು.

ಮರುವರ್ಷ ಅವರು ಸೈನ್ಯಕ್ಕೆ ಸೇರಬೇಕಾಯಿತು. 1921ರಲ್ಲಿ ಬಫಲೊ ನಗರಕ್ಕೆ ಹೋಗಿ, ಗೋಡೆಗೆ ಅಂಟಿಸುವ ಅಲಂಕಾರ ಕಾಗದಗಳ ವಿನ್ಯಾಸಕಾರರಾಗಿ 1929ರವರೆಗೆ ದುಡಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1930ರಲ್ಲಿ ಅವರ ಆರಂಭದ ಜಲವರ್ಣಗಳ ಪ್ರದರ್ಶನ ನಡೆಸಿತು. ಒಬ್ಬನೇ ಕಲಾವಿದನಿಗೆ ಆ ಸಂಸ್ಥೆ ಮೀಸಲಿಟ್ಟ ಮೊದಲ ಪ್ರದರ್ಶನವದು. 1944ರಲ್ಲಿ ಬರ್ಚ್‌ಫೀಲ್ಡ್ ಲೂಥೆರನ್ ಸಭೆಯ ಸದಸ್ಯರಾದರು. 1967ರಲ್ಲಿ ನಿಧನ ಹೊಂದಿದರು.

ಗಂಟೆಗೆ ಬೆದರಿದವನು ನಡುವಯಸ್ಸು ದಾಟಿದ ಮೇಲೆ ದೇವಾಲಯದೊಳಗೆ ಬಂದು ಕುಳಿತ. ಈ ಚಿತ್ರವೇ ಅದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಭಯವನ್ನು ಮುಚ್ಚಿಡದೆ ಹೇಳಿಕೊಂಡವನಿಗೆ ವಿಶ್ವಾಸದ ಬಾಗಿಲು ಮುಚ್ಚಿಹೋಗಲಿಲ್ಲ ಎಂಬುದಂತೂ ನಿಜ. ಚಿತ್ರವನ್ನು ದೈವನಿಂದೆಯೆಂದು ತಳ್ಳಿಹಾಕುವುದು ಸುಲಭ. ನನಗಾದರೋ ಅದು ಗಂಟೆ ಬಾರಿಸುವವರನ್ನು ಕುರಿತು ಕೇಳಿದ ಪ್ರಶ್ನೆಯಂತೆ ತೋರುತ್ತದೆ. ಉಪದೇಶದ ಪೀಠದಿಂದ ನಾವಾಡುವ ಮಾತು ಕಡೆಯ ಬೆಂಚಿನಲ್ಲಿ ಕುಳಿತ ಮಗುವಿನ ಕಿವಿಯಲ್ಲಿ ಏನಾಗಿ ಮೊಳಗುತ್ತದೆ? ಗೋಪುರದ ಕರಿನೆರಳೋ, ಕಿಟಕಿಯ ಬೆಳಕೋ?