ಉರುಟುಗಲ್ಲಿನ ಪಾಠ: ಮೈಸೂರು ಸೀಮೆಯಲ್ಲಿ ಭೂವಿಜ್ಞಾನದ ವ್ಯಾಸಂಗ

ಮೈಸೂರು ನಗರದ ಚಾಮರಾಜಪುರಂನಿಂದ ಆಗ್ನೇಯಕ್ಕೆ ತಿರುಗಿದರೆ ಚಾಮುಂಡಿ ಬೆಟ್ಟವಿರುವುದು. ಅಲ್ಲಿಯ ನಂದಿಯು 17ನೆಯ ಶತಮಾನದಲ್ಲಿ, ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ನೆಲೆಯಲ್ಲಿಯೇ ಇದ್ದ ಒಂದೇ ಬಂಡೆಯಿಂದ ಕಡೆದುದೆಂಬುದು ಸರ್ವವಿದಿತವಾದ ವಿಷಯ. ಆದರೆ ಬೆಟ್ಟದ ಮೇಲಣ ಗುಂಡುಗಳು ದುಂಡಾದುದು ಹೇಗೆ? ಯಾವ ಹೊಳೆಯೂ ಅವನ್ನು ಉರುಳಿಸಿದುದಲ್ಲ. ಗ್ರಾನೈಟಿನ ಬಿರುಕುಗಳಲ್ಲಿ ಮಳೆಯ ನೀರು ಇಳಿದು ಕಲ್ಲನ್ನು ಶಿಥಿಲಗೊಳಿಸುವಾಗ, ಮುಖಗಳು ಒಂದೇ ಕಡೆಯಿಂದಲೂ ಅಂಚುಗಳು ಎರಡು ಕಡೆಯಿಂದಲೂ ಮೂಲೆಗಳು ಮೂರು ಕಡೆಯಿಂದಲೂ ಸವೆಯುವುವು. ಮೂಲೆಗಳೇ ಮೊದಲು ಕಳೆದುಹೋಗಿ ತಿರುಳು ಗುಂಡಾಗಿ ಉಳಿಯುವುದು. ಕಾವೇರಿಯ ಪಾತ್ರದಲ್ಲಿಯ ಕಲ್ಲುಗಳಾದರೋ ಒಂದನ್ನೊಂದು ತೀಡಿ ನುಣುಪಾದುವು. ಭೂವಿಜ್ಞಾನದ ಪ್ರವೇಶ ತರಗತಿಯಲ್ಲಿ ಈ ಎರಡು ಪಾಠಗಳೂ ಬರುವುವು. ಇವುಗಳ ಭೇದವನ್ನು ಅವಲಂಬಿಸಿ, ಮೈಸೂರು ಸೀಮೆಯ ಅಡಿಪಾಯದ ಕಲ್ಲು ಯಾವುದೆಂಬ ವಿವಾದವೇ ಒಮ್ಮೆ ನಡೆಯಿತು.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿದುದು 1894ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳಿಕೆಯ ಕಡೆಯ ವರ್ಷದಲ್ಲಿ. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟರು ಅದರ ಮೊದಲ ಮುಖ್ಯಸ್ಥರು. ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದಾಗ ಭೂವಿಜ್ಞಾನಕ್ಕೆ ನೆಲೆ ದೊರೆತುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಮಹಾರಾಜಾ ಕಾಲೇಜು ನಡೆದುಹೋಗುವಷ್ಟು ಹತ್ತಿರವಿದ್ದರೂ, ಈ ಶಾಸ್ತ್ರವನ್ನು ಬಯಸಿದ ಚಾಮರಾಜಪುರಂನ ವಿದ್ಯಾರ್ಥಿಯು ಬೆಂಗಳೂರಿನ ರೈಲು ಹತ್ತಬೇಕಾಗಿತ್ತು.

ಅದೇ 1916ರಲ್ಲಿ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತರು ಮೈಸೂರಿನ ಭೂಚರಿತ್ರೆಯ ರೂಪರೇಖೆಯನ್ನು ಪ್ರಕಟಿಸಿದರು. ಗಾತ್ರದಲ್ಲಿ ಚಿಕ್ಕದು, ಪ್ರಭಾವದಲ್ಲಿ ದೊಡ್ಡದು. ಧಾರವಾಡದ ಷಿಸ್ಟುಗಳೆಲ್ಲ ಪ್ರಾಯಶಃ ಅಗ್ನಿಜನ್ಯವಾದುವು, ಅವೇ ಅತ್ಯಂತ ಹಳೆಯವು, ಸುತ್ತಣ ನೈಸು ಗ್ರಾನೈಟುಗಳು ತರುವಾಯ ಅವುಗಳೊಳಗೆ ನುಗ್ಗಿದುವು ಎಂಬುದು ಅವರ ಸಿದ್ಧಾಂತ. ಹಾಗಾದರೆ ಷಿಸ್ಟುಗಳ ನಡುವೆ ಉರುಟುಗಲ್ಲುಗಳು ಹುದುಗಿರುವ ಪೆಂಟೆಕಲ್ಲುಗಳ ಗತಿಯೇನು? ಅವು ನೀರಿನಿಂದಾದುವಲ್ಲ, ಭೂಚಲನೆಯ ಒತ್ತಡದಲ್ಲಿ ಶಿಲೆಯು ಚೂರುಚೂರಾಗಿ, ಆ ಚೂರುಗಳು ಅಲ್ಲಿಯೇ ಅರೆದು ಹೊರಳಿ ದುಂಡಾದುವೆಂದು ಅವರು ಸಮಾಧಾನ ಹೇಳಿದರು. ಇದನ್ನು ಕೇವಲ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದುಂಡಾಗಿರುವುದೊಂದೇ ಹೊಳೆಗೆ ಸಾಕ್ಷಿಯಲ್ಲವೆಂಬುದನ್ನು ಚಾಮುಂಡಿಯ ಗುಂಡುಗಳೇ ಬೇರೊಂದು ಬಗೆಯಲ್ಲಿ ಹೇಳುತ್ತಿರುವುವಷ್ಟೆ.

ಇದರ ಪರಿಣಾಮವಾದರೋ ಸಾಮಾನ್ಯವಾದುದಲ್ಲ. ಪೆಂಟೆಕಲ್ಲು ನೀರಿನಿಂದಾದುದೇ ಆಗಿದ್ದು, ಅದರಲ್ಲಿ ಗ್ರಾನೈಟಿನ ಉರುಟುಗಲ್ಲುಗಳಿದ್ದರೆ, ಆ ಗ್ರಾನೈಟು ಅದಕ್ಕಿಂತ ಮೊದಲೇ ನೆಲವಾಗಿ ಮೇಲೆದ್ದು, ಮಳೆಗೆ ಸವೆದು, ಹೊಳೆಗೆ ಬಿದ್ದಿರಲೇಬೇಕು. ಆಗ ಸ್ಮೀತರು ಹೇಳಿದ ಕಾಲಕ್ರಮವೇ ತಲೆಕೆಳಗಾಗುವುದು. ಸೆಂಟ್ರಲ್ ಕಾಲೇಜಿನ ಸಿ. ಎಸ್. ಪಿಚ್ಚಮುತ್ತು ಅವರು ಅಂದಿನ ಕಡೂರು ಜಿಲ್ಲೆಯ ಕಲ್ದುರ್ಗದ ಪೆಂಟೆಕಲ್ಲುಗಳನ್ನು ಪರಿಶೀಲಿಸಿ 1935ರಲ್ಲಿ ಲೇಖನವನ್ನು ಪ್ರಕಟಿಸಿ, ಅವು ನೀರಿನಲ್ಲಿ ಶೇಖರವಾದುವೆಂದು ಸಾಧಿಸಿದರು. ಇಲಾಖೆಯೊಳಗಿನಿಂದಲೇ ಬಿ. ರಾಮರಾಯರು ಸ್ಮೀತರ ಮತವನ್ನು ಪುನರ್ವಿಮರ್ಶಿಸಿದರು. ಮೈಸೂರಿನ ಪುರಾತನ ಶಿಲೆಗಳನ್ನು ಕುರಿತ ಅವರ ಗ್ರಂಥವು 1940ರಲ್ಲಿ ಹೊರಬಂದಿತು. ಕಲ್ಲಿನ ದುಂಡುತನವೊಂದನ್ನೇ ನೆಚ್ಚದೆ, ಅದರೊಡನೆ ಅಲೆಗಳ ಗುರುತು, ಪ್ರವಾಹವು ಹಾಸಿದ ಓರೆಪದರ, ಬೇರೆಬೇರೆ ಜಾತಿಯ ಕಲ್ಲುಗಳ ಬೆರಕೆ ಇವನ್ನು ಕೂಡಿಸಿ ನೋಡಿದುದರಿಂದ ಧಾರವಾಡದ ಶಿಲೆಗಳಲ್ಲಿ ನೀರಿನ ಕೆಲಸವು ದೃಢಪಟ್ಟಿತು. ಯಾವುದೇ ಪ್ರವೇಶಗ್ರಂಥದ ಮೊದಲ ಅಧ್ಯಾಯಗಳಲ್ಲಿ ದೊರೆಯುವ ಈ ಲಕ್ಷಣಗಳೇ ಪಂಡಿತರ ವಾದಕ್ಕೂ ಪ್ರಮಾಣಗಳಾದುವೆಂಬುದು ಗಮನಾರ್ಹ. ಭರತಖಂಡದ ವಿದ್ಯಾರ್ಥಿಗಳಿಗಾಗಿ ಡಿ. ಎನ್. ವಾಡಿಯಾ ಅವರು ಬರೆದ ಪ್ರಸಿದ್ಧ ಪಠ್ಯವು 1919ರಲ್ಲಿ ಬಂದಿದ್ದಿತು. ಆದರೆ ಈ ವಿಷಯವನ್ನು ಪುಸ್ತಕದಿಂದಲ್ಲ, ಕಲ್ದುರ್ಗದ ಕಲ್ಲಿನ ಮುಂದೆ ನಿಂತು ತೀರ್ಮಾನಿಸಬೇಕಾಗಿತ್ತು.

ವಿಕಿರಣದ ಆಧಾರದಿಂದ ಶಿಲೆಗಳ ವಯಸ್ಸನ್ನು ಎಣಿಸುವ ಕ್ರಮವು ಬಂದ ಮೇಲೆ ವಿವಾದವು ಮತ್ತೊಂದು ರೂಪವನ್ನು ತಾಳಿತು. ಗೊರೂರಿನ ಪ್ರಾಂತದ ನೈಸುಗಳು 330 ಕೋಟಿ ವರ್ಷಗಳಿಗೂ ಹಳೆಯವು. ಬಾಬಾಬುಡನ್ ಸಾಲಿನ ಧಾರವಾಡ ಶಿಲೆಗಳು 300 ಕೋಟಿಗಿಂತ ಈಚಿನವು. ಚಾಮುಂಡಿ ಬೆಟ್ಟದ ಗ್ರಾನೈಟಿಗಾದರೋ ಸುಮಾರು 80 ಕೋಟಿ ವರ್ಷ. ಈ ಬಳಗದಲ್ಲಿ ಅದು ಎಳೆಯ ಕೂಸು! ಹೀಗೆ ಪಿಚ್ಚಮುತ್ತು, ರಾಮರಾಯರ ಪಕ್ಷವು ಗೆದ್ದಿತೆನ್ನಬಹುದು. ಆದರೆ ಸ್ಮೀತರು ಸಂಪೂರ್ಣವಾಗಿ ಸೋತರೆನ್ನಲಾಗದು. ಮೈಸೂರು ಜಿಲ್ಲೆಯ ಸರಗೂರಿನ ಹೆಸರನ್ನೇ ಪಡೆದ ಷಿಸ್ಟುಗಳು ನೈಸಿನೊಳಗೆ ತುಣುಕುತುಣುಕಾಗಿ ಸಿಕ್ಕಿಕೊಂಡಿರುವುವು. ಇವನ್ನು ಧಾರವಾಡದ ಸಮೂಹದಿಂದ ಬೇರ್ಪಡಿಸಿ, ಅದಕ್ಕಿಂತ ಹಳೆಯವೆಂದು ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವರು 1981ರಲ್ಲಿ ವಿಸ್ತಾರವಾಗಿ ನಿರೂಪಿಸಿದರು. ನೈಸು ನುಗ್ಗುವ ಮೊದಲೇ ಷಿಸ್ಟು ಇದ್ದಿತೆಂಬ ಸ್ಮೀತರ ಮಾತು ಇವುಗಳ ಮಟ್ಟಿಗೆ ಸಲ್ಲುವುದು.