ನಮ್ಮ ಸೀಮೆಯ ಕ್ರೋಶ ಹೂಗಳು: ಒಂದು ಹಿನ್ನೋಟ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಕಸುಬುಗಳ ಇತಿಹಾಸದ ಬಗ್ಗೆ ಒಂದು ಲೇಖನ ಬರೆದು ಕೊಡಬೇಕು ಎಂದು ಸಮಿತಿಯವರು ಕೇಳಿದಾಗ ನಾನು ಮೊದಲು ಅಡಿಕೆಯ ಬಗ್ಗೆಯೇ ಬರೆಯುವುದೆಂದು ಕೂತದ್ದು. ಆದರೆ ಅಡಿಕೆಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು, ಅದರ ಹಿಂದೆ ವಾರಣಾಶಿ ಸುಬ್ರಾಯ ಭಟ್ಟರ ದುಡಿಮೆ, 1986ರಲ್ಲಿ ಪುತ್ತೂರಿನ ಚಾಕಲೇಟ್ ಫ್ಯಾಕ್ಟರಿ, ಇದೆಲ್ಲ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತುಂಟು. ನಾನು ಬರೆಯಲು ಕೂತ ಮೇಜಿನ ಮೇಲೆ ನನ್ನ ಅಕ್ಕ ಹೆಣೆದ ಹಾಸು ಇತ್ತು. ನಾಲ್ಕು ಮೂಲೆಗೆ ನಾಲ್ಕು ಕೆಂಪು ಹೂ. ಐವತ್ತು ವರ್ಷದ ಹಿಂದಿನದು, ಬಣ್ಣ ಸ್ವಲ್ಪ ಬಿಟ್ಟಿದೆ, ಒಂದು ಎಸಳೂ ಕಳಚಿಲ್ಲ. ಇದರ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ಹಾಗಾಗಿ ಅಡಿಕೆಯನ್ನು ಬಿಟ್ಟು ಈ ಹೂವನ್ನು ಹಿಡಿದೆ. ಓದುಗರು ಕ್ಷಮಿಸಬೇಕು.

ಕ್ರೋಶ ಎನ್ನುವುದು ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ಸಣ್ಣ ಕೊಕ್ಕೆ ಎಂದು ಅದರ ಅರ್ಥ. ಸಂಸ್ಕೃತದಲ್ಲಿ ದಾರಿ ಅಳೆಯುವ ಕ್ರೋಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಈ ಕೊಕ್ಕೆ ನಮ್ಮ ಅಂಗಳಕ್ಕೆ ಮುಟ್ಟಲು ಬಹಳ ಕ್ರೋಶ ನಡೆದದ್ದು ಮಾತ್ರ ನಿಜ.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕೆಲಸಗಳಲ್ಲಿ ಗಂಡಸರು ಮಾಡಿದ್ದಕ್ಕೆಲ್ಲ ಇಸವಿ ಸಿಗುತ್ತದೆ. 1841ರಲ್ಲಿ ಅಚ್ಚುಕೂಟ, 1851ರಲ್ಲಿ ಬಲ್ಮಠದಲ್ಲಿ ಹಾಲರ್ ಸಾಹೇಬರ ನೇಯ್ಗೆ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ. ಖಾಕಿ ಬಣ್ಣ ಕಂಡು ಹಿಡಿದದ್ದು ಅದೇ ಹಾಲರ್ ಎಂದು ಹೇಳುವುದುಂಟು. ಮಿಷನರಿಗಳ ಹೆಂಡಂದಿರು ನಡೆಸಿದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆ ಸೂಜಿ ಕೆಲಸ, ಹೆಣಿಗೆ ಇತ್ತು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರೂ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದರು. ಕೊಕ್ಕೆಯ ಕಡ್ಡಿ ಇಂಥ ಶಾಲೆಗಳ ಬಾಗಿಲಿಂದಲೇ ನಮ್ಮ ಜಿಲ್ಲೆಯೊಳಗೆ ಬಂತು. ಆದರೆ ಮೊದಲ ಹೂವನ್ನು ಯಾವ ಹುಡುಗಿ ಹೆಣೆದಳು, ಯಾವ ಇಸವಿಯಲ್ಲಿ ಎಂದು ಹಂಚಿನ ಹಾಗೆ ಯಾರೂ ಅಚ್ಚೊತ್ತಿ ಇಡಲಿಲ್ಲ.

ಯುರೋಪಿನಲ್ಲಿಯೂ ಇದು ಬಡವರ ಕೈ ಹಿಡಿದ ವಿದ್ಯೆ. ಐರ್ಲೆಂಡಿನಲ್ಲಿ 1845ರಿಂದ ಬಟಾಟೆ ಬೆಳೆಗೆ ರೋಗ ಬಂದು ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಆಗ ಅಲ್ಲಿನ ಕಾನ್ವೆಂಟುಗಳಲ್ಲಿ ಹೆಣ್ಣುಮಕ್ಕಳಿಗೆ ಕ್ರೋಶ ಲೇಸು ಕಲಿಸಿ ಮಾರಿಸಿದರು. ಗುಲಾಬಿ, ಎಲೆ, ಬಳ್ಳಿ ಒಂದೊಂದನ್ನೂ ಬೇರೆ ಬೇರೆ ಹೆಣೆದು ಕೊನೆಗೆ ಬಲೆಯಂಥ ಹೆಣಿಗೆಯಲ್ಲಿ ಸೇರಿಸುವ ಕ್ರಮ ಅವರದು. ನಮ್ಮ ಅಕ್ಕಂದಿರು ಇಂದಿಗೂ ಮಾಡುವ ಸುತ್ತು ಎಸಳಿನ ಗುಲಾಬಿ ಇದೆಯಲ್ಲ, ಅದೇ ಐರಿಷ್ ಗುಲಾಬಿ.

ನನ್ನ ಅಕ್ಕನಿಗೆ ಇದನ್ನು ಕಲಿಸಿದ್ದು ಶಾಲೆಯ ಹೊಲಿಗೆ ಟೀಚರು, 1960ರ ದಶಕದಲ್ಲಿ. ಊರಿನಲ್ಲಿ ಮಹಿಳಾ ಮಂಡಲ ಆದ ಮೇಲೆ ಅಕ್ಕನೇ ಬೇರೆಯವರಿಗೆ ಕಲಿಸಿದಳು. ಪೇಟೆಯಿಂದ ಕಡ್ಡಿ ತರಲು ದುಡ್ಡು ಇಲ್ಲದವರಿಗೆ ಹಳೆ ಕೊಡೆಯ ಕಡ್ಡಿ ತುಂಡು ಮಾಡಿ, ಅರದಲ್ಲಿ ತಿಕ್ಕಿ ಕೊಕ್ಕೆ ಮಾಡಿ ಕೊಟ್ಟವ ನಾನು. ಈ ಇತಿಹಾಸದಲ್ಲಿ ನನ್ನ ಪಾಲು ಅಷ್ಟೇ.

ಹೂ ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮಾಡಿದ್ದನ್ನು ನೋಡಿದವರು ತುಂಬ ಜನ, ಹೇಗೆ ಮಾಡುವುದೆಂದು ನೋಡಿದ ಗಂಡಸರು ಕಡಿಮೆ. ಸ್ವೆಟರ್ ಹೆಣಿಗೆಗೆ ಎರಡು ಕಡ್ಡಿ, ಇದಕ್ಕೆ ಒಂದೇ. ನೂಲಿನ ಒಂದು ಕುಣಿಕೆಯ ಒಳಗಿಂದ ಇನ್ನೊಂದು ಕುಣಿಕೆಯನ್ನು ಕೊಕ್ಕೆಯಿಂದ ಎಳೆಯುವುದು, ವಿದ್ಯೆ ಎಲ್ಲ ಅಷ್ಟರಲ್ಲೇ ಇದೆ. ಆರು ಕುಣಿಕೆಯ ಸರಪಳಿ ಮಾಡಿ ತುದಿಗೆ ತುದಿ ಸೇರಿಸಿದರೆ ಒಂದು ಸಣ್ಣ ಬಳೆ. ಬಳೆಯ ಸುತ್ತ ಆರು ಕಮಾನು. ಪ್ರತಿ ಕಮಾನಿನೊಳಗೆ ಮೊದಲು ಒಂದು ಗಿಡ್ಡ ಹೊಲಿಗೆ, ಮತ್ತೆ ನಾಲ್ಕೈದು ಉದ್ದದ್ದು, ಕೊನೆಗೆ ಪುನಃ ಗಿಡ್ಡ. ಉದ್ದದ ಹೊಲಿಗೆಗೆ ನಮ್ಮ ಅಕ್ಕ ‘ಕಂಬ’ ಎನ್ನುತ್ತಾಳೆ. ಗಿಡ್ಡ, ಉದ್ದ, ಗಿಡ್ಡ ಬಂದಾಗ ಎಸಳಿನ ಆಕಾರ ತನ್ನಷ್ಟಕ್ಕೆ ಬರುತ್ತದೆ. ಎರಡನೆಯ ಸುತ್ತಿನ ಕಮಾನುಗಳನ್ನು ಮೊದಲ ಎಸಳುಗಳ ಬೆನ್ನ ಹಿಂದೆ ಸ್ವಲ್ಪ ಉದ್ದಕ್ಕೆ ಕಟ್ಟಬೇಕು. ಆಗ ಎಸಳಿನ ಹಿಂದೆ ಎಸಳು ಎದ್ದು ನಿಲ್ಲುತ್ತದೆ. ಮೂರು ಸುತ್ತಾದರೆ ತುಂಬಿದ ಗುಲಾಬಿ.

ಹೂ ಅರಳುವುದೂ ಮುದುಡುವುದೂ ಲೆಕ್ಕದ ಮೇಲೆ. ಒಂದೇ ಜಾಗದಲ್ಲಿ ಕಂಬ ಹೆಚ್ಚಾದರೆ ಎಸಳಿಗೆ ನೆರಿಗೆ ಬೀಳುತ್ತದೆ. ಕಡಿಮೆಯಾದರೆ ಬಟ್ಟಲಿನ ಹಾಗೆ ಒಳಕ್ಕೆ ಬಾಗುತ್ತದೆ. ಸುತ್ತಿದ ಮೊಗ್ಗು ಬೇಕಾದರೆ ಉದ್ದಕ್ಕೆ ಎಸಳಿನ ಪಟ್ಟಿ ಹೆಣೆದು, ಚಾಪೆ ಸುತ್ತಿದ ಹಾಗೆ ಸುತ್ತಿ, ಅಡಿಯಲ್ಲಿ ಎರಡು ಹೊಲಿಗೆ ಹಾಕಿದರಾಯಿತು. ಕೈ ಬಿಗಿ ಇದ್ದವರ ಹೂ ಸಣ್ಣದು, ಸಡಿಲ ಇದ್ದವರದ್ದು ದೊಡ್ಡದು. ಹೂ ನೋಡಿ ಇದು ಇಂಥವಳದ್ದು ಎಂದು ಅಕ್ಕ ಹೇಳುತ್ತಿದ್ದಳು, ಕೈಬರಹ ನೋಡಿ ನಾವು ಹೇಳಿದ ಹಾಗೆ.

ಕೊನೆಗೆ ಗಂಜಿ ಹಾಕುವುದು. ಬಿಳಿ ಹೂವಿಗೆ ಕುಚ್ಚಲಕ್ಕಿ ತೆಳಿ ಆಗಲಿಕ್ಕಿಲ್ಲ, ಕೆಂಚು ಬಣ್ಣ ಹಿಡಿಯುತ್ತದೆ. ಬೆಳ್ತಿಗೆ ಅಕ್ಕಿಯದ್ದೇ ಆಗಬೇಕು. ಅದ್ದಿ, ಹಿಂಡಿ, ಒಂದೊಂದು ಎಸಳನ್ನೂ ಬೆರಳಲ್ಲಿ ಬಾಗಿಸಿ ನೆರಳಲ್ಲಿ ಒಣಗಿಸಬೇಕು. ಸಕ್ಕರೆ ನೀರಿನಲ್ಲಿ ಅದ್ದಿದರೆ ಇನ್ನೂ ಗಟ್ಟಿ ನಿಲ್ಲುತ್ತದೆ, ಆದರೆ ಇರುವೆ ಬಿಡಬೇಕಲ್ಲ! ಆಟಿ ತಿಂಗಳ ಮಳೆಯಲ್ಲಿ ಗಂಜಿ ಹಾಕಿದ ಹೂವಿಗೆ ಬೂಷ್ಟು ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹೆಣೆದು ಡಬ್ಬಿಯಲ್ಲಿ ಹಾಕಿಟ್ಟು, ಬಿಸಿಲು ಬಂದ ಮೇಲೆ ಗಂಜಿ ಹಾಕುವುದು ನಮ್ಮ ಕಡೆಯ ಪದ್ಧತಿ. ಸುಳ್ಯದ ಜಾತ್ರೆಗೆ, ಎಪ್ರಿಲ್‌ನ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಫ್ಯಾನ್ಸಿ ಸಂತೆಯವರು ಕೇಳುವ ಹೊತ್ತಿಗೆ ಹೂ ತಯಾರು.

ಇದನ್ನು ಏನಕ್ಕೆ ಉಪಯೋಗಿಸುತ್ತಿದ್ದರು ಎಂದರೆ, ದೇವರ ಪಟಕ್ಕೆ ಮಾಲೆ, ಬಾಗಿಲಿಗೆ ತೋರಣ, ರೇಡಿಯೋದ ಮುಸುಕಿಗೆ ಅಂಚು, ಮಕ್ಕಳ ಟೊಪ್ಪಿಗೆ, ಜಡೆಯ ಕ್ಲಿಪ್ಪಿಗೆ. ಮಲ್ಲಿಗೆಯ ಸೀಮೆಯವರಾದ ನಮಗೆ ನೂಲಿನ ಹೂ ಯಾಕೆ ಎಂದು ಕೇಳಬಹುದು. ಬಾಳೆಬಳ್ಳಿಯಲ್ಲಿ ಕಟ್ಟಿದ ಮಲ್ಲಿಗೆಯ ಮುಂದೆ ಇದು ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಮಲ್ಲಿಗೆಯನ್ನು ಚೆಂಡಿನಲ್ಲಿ, ಅಟ್ಟೆಯಲ್ಲಿ ಕೊಂಡು ಮುಡಿಯುವ ತಾಕತ್ತು ಎಲ್ಲರಿಗೆ ಎಲ್ಲಿತ್ತು? ಕ್ಲಿಪ್ಪಿನ ಹೂ ವರ್ಷಗಟ್ಟಲೆ ಬಾಳುತ್ತದೆ.

ಅಕ್ಕನ ಹೂ ಪೇಟೆಯ ಒಂದು ಫ್ಯಾನ್ಸಿ ಅಂಗಡಿಗೆ ಹೋಗುತ್ತಿತ್ತು. ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫೀಸು ಕಟ್ಟಿದ್ದು ಅದರಿಂದ. ಡಜನಿಗೆ ಇಷ್ಟು ಎಂದು ಅವನೇ ದರ ಹೇಳುವುದು. ನೂಲಿನ ದುಡ್ಡು ಕಳೆದರೆ ಉಳಿಯುವುದು ಚಿಲ್ಲರೆ. ಅಕ್ಕ ಒಮ್ಮೆ ಹೆಚ್ಚು ಕೇಳಿದಾಗ ಅವನು ನಗುತ್ತಾ, “ಬಿಡುವಲ್ಲಿ ಕೂತು ಮಾಡಿದ್ದಲ್ವಾ ಅಕ್ಕ, ಅದಕ್ಕೆಂತ ಕೂಲಿ?” ಎಂದ. ನಾನು ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅಕ್ಕನಿಗೆ ಬಿಡುವು ಎಂಬುದು ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ, ಚಿಮಿಣಿ ದೀಪದ ಬುಡದಲ್ಲಿ ಇದ್ದದ್ದು.

ಇದು ಒಬ್ಬ ಅಂಗಡಿಯವನ ಮಾತು ಮಾತ್ರ ಎಂದು ಬಹಳ ಕಾಲ ನಾನು ತಿಳಿದಿದ್ದೆ. ಆಂಧ್ರದ ನರಸಾಪುರದ ಸುದ್ದಿ ಓದಿದ ಮೇಲೆ ಗೊತ್ತಾಯಿತು, ಇದು ಎಲ್ಲ ಕಡೆಯ ಮಾತು. ಗೋದಾವರಿ ತೀರದ ಆ ಪ್ರದೇಶಕ್ಕೆ ಕ್ರೋಶ ಲೇಸನ್ನು ತಂದವರು 19ನೇ ಶತಮಾನದ ಮಿಷನರಿಗಳು. ಅಲ್ಲಿ ಹಳ್ಳಿಹಳ್ಳಿಯ ಹೆಂಗಸರು ಹೂ ಹೆಣೆಯುತ್ತಾರೆ, ಅದನ್ನು ಜೋಡಿಸುವವರು ಬೇರೆ, ವ್ಯಾಪಾರ ಮಾಡಿ ಪರದೇಶಕ್ಕೆ ಕಳಿಸುವವರು ಮತ್ತೂ ಬೇರೆ. ಜರ್ಮನಿಯ ಮರಿಯಾ ಮೀಸ್ ಎಂಬ ವಿದುಷಿ ಅಲ್ಲಿಗೆ ಬಂದು, ಮನೆಮನೆ ತಿರುಗಿ, 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನದಲ್ಲಿ ಎಷ್ಟೋ ಗಂಟೆ ಕಡ್ಡಿ ಹಿಡಿದರೂ ಆ ಹೆಂಗಸರು ಕೆಲಸಗಾರರ ಲೆಕ್ಕಕ್ಕೆ ಬರಲಿಲ್ಲ. ‘ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ’ ಎಂಬ ಒಂದು ಮಾತಿನ ಮೇಲೆ ಕೂಲಿ ಇಳಿಯುತ್ತಿತ್ತು, ವ್ಯಾಪಾರ ಏರುತ್ತಿತ್ತು ಎಂದು ಅವರು ತೋರಿಸಿದರು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಂತೋಷ. ಹೆಣೆಯುವವಳಿಗೆ ಎಷ್ಟು ಸಿಕ್ಕಿತು ಎಂಬುದು ಬೇರೆ ಪ್ರಶ್ನೆ.

ನರಸಾಪುರದ ತನಕ ಹೋಗುವುದೂ ಬೇಡ. ನಮ್ಮ ಜಿಲ್ಲೆಯ ಬೀಡಿಯನ್ನೇ ನೋಡಿ. ಅದೂ ಮನೆಯಲ್ಲೇ ಕೂತು, ಅಡಿಗೆ ಮಕ್ಕಳ ನಡುವೆ ಹೆಂಗಸರು ಮಾಡುವ ಕೆಲಸ. ಆದರೆ 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಹೇಳಿತು. ಮಾಲಿಕರು ಕೋರ್ಟು ಹತ್ತಿದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು. ಮತ್ತೆ ಪ್ರಾವಿಡೆಂಟ್ ಫಂಡೂ ಬಂತು. ಬೀಡಿಯಿಂದ ಎದೆ ಕೆಟ್ಟದ್ದು, ಕೂಲಿ ಸಾಲದ್ದು ಎಲ್ಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಸಾವಿರಕ್ಕೆ ಇಷ್ಟು ಎಂಬ ಲೆಕ್ಕ ಇತ್ತು, ಅದನ್ನು ಬರೆಯುವ ಪುಸ್ತಕ ಇತ್ತು. ಹೂವಿಗೆ ಪುಸ್ತಕವೇ ಇರಲಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪು ಉಂಟು, ಬರೆದು ಬಿಡುತ್ತೇನೆ. 1980ರ ದಶಕದಲ್ಲಿ ನಾನು ಬೇರೊಂದು ಸಂಘದಲ್ಲಿ ಗುಮಾಸ್ತನಾಗಿದ್ದೆ. ಒಬ್ಬ ಹೆಂಗಸು ನೂಲು ತರಲು ಸಣ್ಣ ಸಾಲ ಕೇಳಿಕೊಂಡು ಬಂದರು. ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಸಾಲಿನಲ್ಲಿ ನಾನೇ ನನ್ನ ಕೈಯಿಂದ ‘ಮನೆಕೆಲಸ’ ಎಂದು ಬರೆದೆ. ಮನೆಕೆಲಸಕ್ಕೆ ನೂಲು ಯಾಕೆ ಎಂದು ಅರ್ಜಿ ಹಿಂದೆ ಬಂತು. ‘ಕ್ರೋಶ ಹೆಣಿಗೆ’ ಎಂದು ಬರೆದಿದ್ದರೆ ಪಾಸಾಗುತ್ತಿತ್ತೋ ಇಲ್ಲವೋ, ಬರೆಯಬೇಕು ಎಂದು ನನಗೆ ತೋಚಲೇ ಇಲ್ಲ. ಅಕ್ಕನ ಹೂವಿನ ದುಡ್ಡಲ್ಲಿ ಪರೀಕ್ಷೆ ಕಟ್ಟಿದ ನನಗೇ ತೋಚಲಿಲ್ಲ.

ಸಹಕಾರಕ್ಕೆ ನಮ್ಮ ಮಣ್ಣು ಹೊಸತಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ್ದು 1909ರಲ್ಲಿ, ಜಿಲ್ಲಾ ಕೇಂದ್ರ ಬ್ಯಾಂಕು ಹುಟ್ಟಿದ್ದು 1914ರಲ್ಲಿ. ಕೈಕೆಲಸವನ್ನೂ ಸಹಕಾರವನ್ನೂ ಒಟ್ಟಿಗೆ ಕಟ್ಟಿದವರಲ್ಲಿ ಮುಖ್ಯರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಹುಟ್ಟಿದ್ದೂ ಮಂಗಳೂರಿನಲ್ಲೇ, 1903ರಲ್ಲಿ. ಅವರು 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿದರು, ಮುಂದೆ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಬಹಳ ವರ್ಷ ನಡೆಸಿದರು. ಇಷ್ಟೆಲ್ಲ ಇದ್ದ ಜಿಲ್ಲೆಯಲ್ಲಿ ಹೂ ಹೆಣೆಯುವವರು ಒಬ್ಬೊಬ್ಬರೇ ಚೀಲ ಹಿಡಿದು ಪೇಟೆಗೆ ಹೋದರು.

ಆಮೇಲೆ ಪ್ಲಾಸ್ಟಿಕ್ ಹೂ ಬಂತು, ಕಡ್ಡಿಗಳು ಡಬ್ಬಿ ಸೇರಿದವು. ಈಗ ಪುನಃ ಹೊರಗೆ ಬಂದಿವೆ. ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆ ಹುಡುಗಿಯರು ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ. ಹೇರ್‌ಬ್ಯಾಂಡ್, ಕೀ ಗೊಂಚಲು, ಬಾಡದ ಹೂಗುಚ್ಛ ಎಲ್ಲ ಮಾಡಿ ಮೊಬೈಲಿನಲ್ಲೇ ಮಾರುತ್ತಾರೆ. ಒಂದು ಸಂಗತಿ ಮಾತ್ರ ಬದಲಾಗಲಿಲ್ಲ. ಸ್ವೆಟರನ್ನು ಯಂತ್ರ ಹೆಣೆಯುತ್ತದೆ, ಲೇಸನ್ನೂ ಯಂತ್ರ ಮಾಡುತ್ತದೆ. ಕ್ರೋಶ ಹೂವನ್ನು ಕಾರ್ಖಾನೆಯಲ್ಲಿ ಮಾಡುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಅದನ್ನು ಎಲ್ಲೋ ಯಾರದೋ ಕೈ ಕುಣಿಕೆ ಎಣಿಸಿ ಮಾಡಿರುತ್ತದೆ.

ನಮ್ಮ ಬೆಳ್ಳಿಹಬ್ಬಕ್ಕೆ ಅತಿಥಿಗಳಿಗೆ ಚುಚ್ಚುವ ಬ್ಯಾಡ್ಜುಗಳಿಗೆ ಸದಸ್ಯೆಯರೇ ಕ್ರೋಶ ಹೂ ಮಾಡುವುದೆಂದು ತೀರ್ಮಾನವಾದಾಗ ನಾನು ಅಕ್ಕನಿಗೆ ಹೇಳಿದೆ. ಅವಳಿಗೆ ಈಗ ಕಣ್ಣು ಮಂಜು. ಆದರೂ ಎರಡು ದಿನ ಗಡಿಯಾರ ಎದುರಿಗಿಟ್ಟು ಹೆಣೆದಳು. “ಒಂದಕ್ಕೆ ನಲ್ವತ್ತು ನಿಮಿಷ ಬೇಕು ಮಾರಾಯ, ಎಳೆಯವರಿಗೆ ಅರ್ಧ ಗಂಟೆ ಸಾಕು. ಗಂಜಿ ಹಾಕುವುದು ಬೇರೆ. ಬರೆದುಕೋ” ಎಂದಳು. ಬರೆದುಕೊಂಡು ಕಾರ್ಯದರ್ಶಿಗಳಿಗೆ ಕೊಟ್ಟೆ. ಅವರು ವೋಚರಿನಲ್ಲಿ ಮೊದಲು ‘ಅಲಂಕಾರ ಖರ್ಚು’ ಎಂದು ಬರೆದಿದ್ದರು. ಅದನ್ನು ಹೊಡೆದು ಹಾಕಿಸಿ, ಹೆಣೆದ ಪ್ರತಿಯೊಬ್ಬರ ಹೆಸರು, ಹೂವಿನ ಸಂಖ್ಯೆ, ಗಂಟೆ, ಕೂಲಿ ಎಂದು ನಾಲ್ಕು ಕಲಮು ಎಳೆಸಿದ್ದೇನೆ. ಎಲ್ಲರ ಸಹಿ ಆಗಿದೆ. ಅಕ್ಕನದ್ದು ಮೂರನೆಯ ಸಾಲಿನಲ್ಲಿ ಉಂಟು, ಎಂಟು ಹೂ.