ಕಳಿಸಿದರೆ ಮುಗೀತಾ?

ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅದರ ಉಪಗ್ರಹ ಡಿಶ್ ಎತ್ತಿನ ಗಾಡಿಯಲ್ಲಿ ಬಂತು ಅನ್ನೋ ಕಥೆ ನೀವೂ ಕೇಳಿರ್ತೀರಿ. ಡಿಶ್ ಬಾಗಿಲಿಗೆ ಬಂದ ಮಾತ್ರಕ್ಕೆ ಸಂಪರ್ಕ ಸಿಗಲ್ಲ, ಕೂರಿಸಬೇಕು, ಜೋಡಿಸಬೇಕು. ಸಾಫ್ಟ್‌ವೇರ್ ಪಾಡೂ ಇದೇ ನೋಡಿ.

ಈಗ ಇಂದಿರಾನಗರದ ಆಫೀಸುಗಳಲ್ಲಿ ನೂರಾರು ಕಂಪ್ಯೂಟರುಗಳಿಗೆ ಒಂದೇ ಕಡೆಯಿಂದ ಸಾಫ್ಟ್‌ವೇರ್ ಕಳಿಸ್ತಾರೆ. ಉಳಿದ ಕೆಲಸ ಮುಗಿಸೋದು ಅದರ ಹಿಂದೆಯೇ ತಾನಾಗಿ ಓಡುವ ಪುಟ್ಟ ಸ್ಕ್ರಿಪ್ಟ್.

ನಮ್ಮ ಕನ್ನಡದ್ದೇ ಉದಾಹರಣೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಅನ್ನೋದಕ್ಕೆ ಟಿಕ್ ಹಾಕಿ, ಸಿಡಿ ಕೊಟ್ಟು, ರೀಸ್ಟಾರ್ಟ್ ಮಾಡಬೇಕಿತ್ತು. ಇಲ್ಲದಿದ್ದರೆ ಬರೀ ಚೌಕಗಳು! ಇನ್ನೂರು ಕಂಪ್ಯೂಟರ್ ಇದ್ದರೆ ಇನ್ನೂರು ಸಲ... ಉತ್ತರಗಳನ್ನೆಲ್ಲ ಮೊದಲೇ ಒಂದು ಕಡತದಲ್ಲಿ ಬರೆದಿಟ್ಟರೆ ಸ್ಕ್ರಿಪ್ಟೇ ಆ ಕೆಲಸ ಮಾಡ್ತಿತ್ತು.

1993ರಲ್ಲಿ ಶುರುವಾದ ಡೆಬಿಯನ್ ಈ ಪದ್ಧತಿಯನ್ನು ಪ್ಯಾಕೇಜಿನೊಳಗೇ ತಂದಿತು. ಅದಕ್ಕೆ ‘ಪೋಸ್ಟ್‌ಇನ್‌ಸ್ಟ್’ ಅಂತ ಹೆಸರು. ಇವತ್ತು ಅಲ್ಲಿ ಗುಬ್ಬಿ ಫಾಂಟ್ ಹಾಕಿದರೆ, ಫಾಂಟ್ ಪಟ್ಟಿ ನವೀಕರಿಸುವ ‘ಎಫ್‌ಸಿ-ಕ್ಯಾಶ್’ ತಾನಾಗೇ ಓಡುತ್ತೆ.

ಅಪಾಯವೂ ಇಲ್ಲೇ ಇದೆ. ಈ ಸ್ಕ್ರಿಪ್ಟ್ ಓಡೋದು ಕಂಪ್ಯೂಟರಿನ ಯಜಮಾನನ ಅಧಿಕಾರದಲ್ಲಿ. ಮುಗಿಸಿ ಸೊನ್ನೆ ಅಂದರೆ ‘ಎಲ್ಲ ಸರಿ’ ಅಂತ ಲೆಕ್ಕ. ಏನೇ ಆದರೂ ಸೊನ್ನೆ ಅನ್ನುವ ಹಾಗೆ ಬರೆದ ಸ್ಕ್ರಿಪ್ಟುಗಳನ್ನು ನಾನು ನೋಡಿದ್ದೇನೆ. ಐಟಿಯವರ ಪರದೆ ತುಂಬ ಹಸಿರು, ಟೈಪಿಸ್ಟ್ ಪರದೆ ತುಂಬ ಚೌಕ!

ಅದಕ್ಕೇ ನಾನು ಕೊನೆಗೊಂದು ಸಾಲು ಸೇರಿಸ್ತೇನೆ: ಫಾಂಟ್ ಪಟ್ಟಿಯಲ್ಲಿ ಕನ್ನಡ ಇದೆಯಾ? ಇಲ್ಲದಿದ್ದರೆ ಸೊನ್ನೆ ಕೊಡಬೇಡ. ನೀವೇನಂತೀರಿ?